ಮೆಟ್ಟಿಲ ಮೇಲೆ ಕೂತಿದ್ದವನು

ರಾಯಚೂರಿನ ಆ ತಂಗುದಾಣಕ್ಕೆ ನಾನು ಹೋಗಿ ಸೇರಿದ್ದು ಯುಗಾದಿ ಕಳೆದ ಮೇಲೆ, ಬಿಸಿಲು ಬಲಿಯುವ ಹೊತ್ತಿಗೆ. ಅದಕ್ಕೆ ಮೊದಲು ಮದುವೆ ಕಾರ್ಡು, ಕರಪತ್ರ ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದೆ. ಪ್ರೆಸ್ಸಿನ ಹಿಂದಿನ ಕೋಣೆಯೇ ನನ್ನ ಮನೆ. ಮಾಲೀಕರು ತೀರಿಕೊಂಡರು, ಅವರ ಮಕ್ಕಳು ಆ ಜಾಗವನ್ನು ಮೊಬೈಲ್ ಅಂಗಡಿಗೆ ಕೊಟ್ಟರು. ಕೆಲಸವೂ ಸೂರೂ ಒಂದೇ ಗೋಡೆಯೊಳಗಿದ್ದರೆ ಎರಡೂ ಒಂದೇ ದಿನ ಹೋಗುತ್ತವೆ ಎಂದು ನನಗೆ ಹೊಳೆದದ್ದು ಚಾಪೆ ಸುತ್ತುವಾಗ. ಗಂಡನ ಮನೆ ಬಿಟ್ಟು ಬಹಳ ವರ್ಷವಾಗಿತ್ತು. ದೇವದುರ್ಗದಾಚೆ ಅರಕೇರಾದಲ್ಲಿ ಅಣ್ಣನಿದ್ದ. ಆದರೆ ಅವನ ಮನೆಯಲ್ಲಿ ನಾನು ಉಳಿದರೆ ಅತ್ತಿಗೆ ಬಾಗಿಲ ಬಳಿ ಎಷ್ಟು ಹೊತ್ತು ಮಾತಿಲ್ಲದೆ ನಿಲ್ಲುತ್ತಾಳೆ ಎಂಬುದು ನನಗೆ ಗೊತ್ತಿತ್ತು.

ತಂಗುದಾಣದ ವಿಷಯ ನನಗೆ ತಿಳಿದದ್ದು ಬೇರೆಯವರಿಂದಲ್ಲ. ಅದರ ಉದ್ಘಾಟನೆಯ ಕರಪತ್ರವನ್ನು ನಾನೇ ಕಂಪೋಸ್ ಮಾಡಿದ್ದೆ. 'ವಸತಿರಹಿತರಿಗೆ ಸುರಕ್ಷಿತ ಆಶ್ರಯ' ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿರಿ ಎಂದು ಬಂದವರು ಹೇಳಿದ್ದರು, ಹಾಕಿದ್ದೆ. ಆಗ ಆ ಸಾಲು ನನಗಾಗಿಯೇ ಇದೆ ಎಂದು ಅನ್ನಿಸಿರಲಿಲ್ಲ.

ಕಟ್ಟಡ ಹಳೆಯದು. ಕೆಳಗೆ ಗಂಡಸರ ಹಾಲು, ಮೇಲೆ ಹೆಂಗಸರ ಹಾಲು. ಮೇಲಕ್ಕೆ ಹೋಗುವ ಮೆಟ್ಟಿಲು ಗಂಡಸರ ಹಾಲಿನ ಮೂಲೆಯಲ್ಲಿ. ಬಚ್ಚಲು, ಪಾಯಖಾನೆ ಹಿತ್ತಲಲ್ಲಿ. ಅಂದರೆ ಹೆಂಗಸರು ಯಾತಕ್ಕೇ ಇಳಿಯಲಿ, ಆ ಮೆಟ್ಟಿಲನ್ನೇ ಇಳಿದು, ಮಲಗಿದ, ಕೂತ, ಬೀಡಿ ಸೇದುವ ಅಷ್ಟೂ ಗಂಡಸರ ನಡುವೆ ದಾಟಿ ಹೋಗಬೇಕು, ಹಾಗೆಯೇ ಮರಳಬೇಕು.

ಮೊದಲ ದಿನ ನಾನು ಗಂಟು ಹೊತ್ತು ಹತ್ತಲು ಹೋದಾಗ ಕೆಳಗಿನ ಮೆಟ್ಟಿಲ ಮೇಲೆ ಒಬ್ಬ ಕೂತಿದ್ದ. ಐವತ್ತರ ಆಸುಪಾಸಿನವನು, ಅಗಲವಾದ ಎದೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಲಾರಿಯಲ್ಲಿ ಕ್ಲೀನರ್ ಆಗಿದ್ದನಂತೆ. ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಆ ಕಾಲನ್ನು ಅವನು ಮೆಟ್ಟಿಲಿಗೆ ಅಡ್ಡ ಚಾಚಿದ್ದ.

"ಟೋಲ್ ಗೇಟ್ ಅದ್ರಿ ಇದು," ಅಂದ. "ಕೇಳಿ ಹೋಗ್ಬೇಕು."

ಹಾಲಿನಲ್ಲಿ ನಗು ಎದ್ದಿತು. ಹೊಸಬಳನ್ನು ಚೇಷ್ಟೆ ಮಾಡುತ್ತಾರೆ ಎಂದುಕೊಂಡು ನಾನು, "ದಾರಿ ಬಿಡ್ರಿ ಅಣ್ಣಾ," ಅಂದೆ. ಕಾಲು ತೆಗೆದ. ಆದರೆ ನಾನು ದಾಟುವಾಗ ನನ್ನ ಸೆರಗಿನ ತುದಿ ಅವನ ಬೆರಳಲ್ಲಿತ್ತು. ಎಳೆಯಲಿಲ್ಲ, ಹಿಡಿದಿದ್ದ, ಅಷ್ಟೆ. ನಾನು ನಿಂತು ತಿರುಗಿ ನೋಡಿದ ಮೇಲೆ ಬಿಟ್ಟ. ಮತ್ತೆ ನಗು.

ಅವತ್ತೇ ಮೇಲ್ವಿಚಾರಕನ ಬಳಿ ಹೋಗಿ ಹೇಳಿದೆ. ಅವನು ಕೆಟ್ಟ ಮನುಷ್ಯನಲ್ಲ. ಯಾರಿಗಾದರೂ ಜ್ವರ ಬಂದರೆ ತಾನೇ ಹೋಗಿ ಗುಳಿಗೆ ತರುತ್ತಿದ್ದ. ನನ್ನ ಮಾತನ್ನು ಪೂರ್ತಿ ಕೇಳಿದ, ತಲೆಯಾಡಿಸಿದ.

"ಅಂವ ಹಂಗೇ ರೀ ಅಕ್ಕಾರ," ಅಂದ. "ಬಾಯಿ ಹೊಲಸು, ಮನುಷ್ಯಾ ಚಲೋ. ಕೆಳಗ ಕುಡುಕರು ಬರ್ತಾರ, ಹುಚ್ಚರು ಬರ್ತಾರ. ಅಂವ ಒಂದು ಮಾತು ಜಬರಿಸಿದ್ರ ಎಲ್ಲಾರೂ ಸುಮ್ಮನಾಗ್ತಾರ. ಅಂವ ಇದ್ದದ್ದಕ್ಕ ನಾ ಸಂಜಿಕ ಮನಿಗಿ ಹೋಗ್ತೀನಿ. ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ."

ಇನ್ನೊಬ್ಬರ ಹೆದರಿಕೆಯನ್ನು ಕಾವಲಿಗೆ ಇಟ್ಟುಕೊಂಡು ಒಂದು ಮನೆಯನ್ನು ನಡೆಸಬಹುದು ಎಂಬುದನ್ನು ಅಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆದರೆ ನಿಜವಾಗಿ ಗರ ಬಡಿದಂತಾದದ್ದು ಮೇಲಿನ ಹಾಲಿನಲ್ಲಿ, ಹೆಂಗಸರು ಹೇಗೆ ಬದುಕುತ್ತಿದ್ದಾರೆ ಎಂದು ನೋಡಿದ ಮೇಲೆ.

ಅವರು ನೀರು ಕುಡಿಯುತ್ತಿರಲಿಲ್ಲ. ರಾಯಚೂರಿನ ಬೇಸಿಗೆ, ಫ್ಯಾನು ಕುದಿಯುವ ಗಾಳಿಯನ್ನೇ ಹೊರಳಿಸಿ ಹೊರಳಿಸಿ ಹಾಕುತ್ತದೆ, ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಅಂಥದರಲ್ಲಿ ಮಧ್ಯಾಹ್ನ ಊಟವಾದ ಮೇಲೆ ಯಾರೂ ತಂಬಿಗೆಗೆ ಕೈ ಹಾಕುತ್ತಿರಲಿಲ್ಲ. ಕುಡಿದರೆ ಇಳಿಯಬೇಕಲ್ಲ. ನನ್ನ ಪಕ್ಕದ ಚಾಪೆಯ ಮುದುಕಿ ಒದ್ದೆ ಬಟ್ಟೆಯ ತುಂಡನ್ನು ಬಾಯಲ್ಲಿಟ್ಟುಕೊಂಡು ಮಲಗಿದ್ದಳು. ಹಲ್ಲು ನೋವೇನೋ ಎಂದು ಕೇಳಿದೆ. ಬಟ್ಟೆ ತೆಗೆದು ನಕ್ಕಳು.

"ಇಲ್ಲ ಬೇಟಿ. ನಾಲಿಗಿಗೆ ಮೋಸ ಮಾಡಾಕತ್ತೀನಿ."

ಆಕೆಯನ್ನು ಎಲ್ಲರೂ ಖಾಲಾ ಅನ್ನುತ್ತಿದ್ದರು, ಚಿಕ್ಕಮ್ಮ ಎಂದು. ಬೆಳಿಗ್ಗೆ ಬುಟ್ಟಿಯಲ್ಲಿ ಬಳೆ ತುಂಬಿಕೊಂಡು ಬಜಾರಕ್ಕೆ ಹೋಗಿ, ಒಂದು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತು ಮಾರುತ್ತಿದ್ದಳು. ಗಂಡ ಸತ್ತ ಮೇಲೆ ಬಾಡಿಗೆ ಮನೆ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದವಳನ್ನು ಯಾರೋ ಇಲ್ಲಿಗೆ ಕರೆತಂದಿದ್ದರು. ಆಕೆಯ ಕೈ ನೋಡಬೇಕು. ಎಂಥ ಬಿಗಿ ಮುಂಗೈಗೂ ಗಾಜಿನ ಬಳೆಯನ್ನು ಒಡೆಯದೆ, ನೋಯಿಸದೆ ಏರಿಸುತ್ತಿದ್ದಳು. ಸಂಜೆ ನಮ್ಮ ಕೈಗಳ ಮೇಲೆ ಸುಮ್ಮನೆ ಆಟಕ್ಕೆ ಏರಿಸಿ, ಇಳಿಸಿ, ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು.

ಇನ್ನೊಬ್ಬಳು ದೇವದುರ್ಗದ ಕಡೆಯವಳು, ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಮೂವತ್ತು ದಾಟಿರಬೇಕು. ಇಡೀ ದಿನ ಸಿಮೆಂಟಿನ ಪುಟ್ಟಿ ಹೊತ್ತು ಬಂದು ನೀರು ಕುಡಿಯದೆ ಮಲಗಿ ಮಲಗಿ ಆಕೆಗೆ ಉರಿಮೂತ್ರ ಹಿಡಿದಿತ್ತು. ಆಕೆಯ ಊರು ನನ್ನ ಅಣ್ಣನ ಊರಿಗೆ ಹತ್ತಿರ. ಹಾಗಾಗಿ ನನ್ನೊಡನೆ ಬೇಗ ಹೊಂದಿಕೊಂಡಳು.

ನಮ್ಮ ಹಾಲಿನ ಹಿಂದಿನ ಗೋಡೆಯಲ್ಲಿ ಒಂದು ಕಬ್ಬಿಣದ ಬಾಗಿಲಿತ್ತು. ಅದರ ಆಚೆ ಹಿತ್ತಲಿಗೆ ನೇರವಾಗಿ ಇಳಿಯುವ ಹೊರಗಿನ ಮೆಟ್ಟಿಲು. ಕಿಟಕಿಯಿಂದ ಕಾಣುತ್ತಿತ್ತು. ಬಾಗಿಲಿಗೆ ಮಾತ್ರ ದೊಡ್ಡ ಬೀಗ, ತುಕ್ಕು ಹಿಡಿದದ್ದು. ಇದನ್ನು ಯಾಕೆ ತೆಗೆಯುವುದಿಲ್ಲ ಎಂದು ಗಾರೆ ಕೆಲಸದವಳನ್ನು ಕೇಳಿದೆ.

"ಕೇಳಿದ್ವಿ," ಅಂದಳು. "ಹೆಣ್ಮಕ್ಕಳಿಗೆ ಹಿಂದಿನ ಬಾಗಿಲು ಇಟ್ರ ಯಾರ್ಯಾರನ್ನೋ ಮ್ಯಾಲ ಕರ್ಕೊಂಡು ಬರ್ತಾರಂತ. ನಮ್ಮ ಮರ್ಯಾದಿ ಸಲುವಾಗಿ ಹಾಕ್ಯಾರಂತ ಅದನ್ನ."

ನಾನು ಎದ್ದು ಹೋಗಿ ಬೀಗವನ್ನು ಎಳೆದು ನೋಡಿದೆ, ತುಕ್ಕು ಕೈಗೆ ಹತ್ತಿತು.

ಆದದ್ದು ಒಂದು ಬೆಳಿಗ್ಗೆ. ಖಾಲಾ ಬುಟ್ಟಿ ಹಿಡಿದು ಮುಂದೆ ಇಳಿಯುತ್ತಿದ್ದಳು, ನಾನು ಬಕೀಟು ಹಿಡಿದು ಹಿಂದೆ. ಅವನು ಎಂದಿನಂತೆ ಕಾಲು ಚಾಚಿ ಕೂತಿದ್ದ. ಪ್ರತಿದಿನ ಖಾಲಾ "ದಾರಿ ಕೊಡೋ ಬೇಟಾ" ಅನ್ನುತ್ತಿದ್ದಳು, ಅವನು ಒಂದೆರಡು ಸಲ ಸತಾಯಿಸಿ ಬಿಡುತ್ತಿದ್ದ. ಅವತ್ತು ಆಕೆ ಕೇಳಲಿಲ್ಲ. ದಣಿದಿದ್ದಳೋ, ಬೇಸತ್ತಿದ್ದಳೋ, ಸುಮ್ಮನೆ ಸೀರೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು ಅವನ ಕಾಲನ್ನು ದಾಟಲು ಹೆಜ್ಜೆ ಇಟ್ಟಳು. ಅವನು ಕಾಲು ಎತ್ತಿದ.

ಆಕೆ ಮುಂದಕ್ಕೆ ಬಿದ್ದಳು. ಬುಟ್ಟಿ ಮೊದಲು ನೆಲಕ್ಕೆ ಬಡಿಯಿತು, ಅದರ ಮೇಲೆ ಕೈ, ಕೈಯ ಮೇಲೆ ಆಕೆ. ಗಾಜು ಒಡೆದ ಸದ್ದಿನ ಜೊತೆ ಬೇರೊಂದು ಸಣ್ಣ ಸದ್ದೂ ಕೇಳಿಸಿತು. ಅದು ಎಲುಬಿನದು ಎಂದು ನನಗೆ ಆಮೇಲೆ ತಿಳಿಯಿತು.

ಬಿದ್ದದ್ದಕ್ಕಿಂತ ಹೆಚ್ಚು ನನ್ನನ್ನು ನಡುಗಿಸಿದ್ದು ಹಾಲಿನ ನಗು. ಬೀಳುವಾಗ ನಕ್ಕರು, ಸರಿ, ನಗುವುದು ಅವರಿಗೆ ಅಭ್ಯಾಸವಾಗಿತ್ತು. ಆದರೆ ಬಿದ್ದ ಮೇಲೂ, ಆಕೆ ಏಳದೆ ಇದ್ದ ಮೇಲೂ ಆ ನಗು ಸ್ವಲ್ಪ ಹೊತ್ತು ನಡೆಯಿತು. ನಿಲ್ಲಿಸುವುದು ಹೇಗೆಂದು ತಿಳಿಯದವರ ಹಾಗೆ. ಅವನೂ ನಗುತ್ತಲೇ ಇದ್ದ. "ಏನ್ ಮುದುಕಿ, ಹಾರಾಕ ಹೋದಿ ಏನು," ಅಂದ. ನನ್ನ ಕೈಯಿಂದ ಬಕೀಟು ಜಾರಿ ಉರುಳಿ ಕೆಳಗೆ ಹೋಯಿತು. ನಾನು ಇಳಿದು ಆಕೆಯನ್ನು ಎತ್ತಿ ಕೂರಿಸಿದೆ.

ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಮುಂಗೈ ಮುರಿದಿತ್ತು. ಅಂಗೈಯಿಂದ ಗಾಜಿನ ಚೂರು ತೆಗೆಯುವಾಗ ಖಾಲಾ ಹಲ್ಲು ಕಚ್ಚಿ ಕೂತಿದ್ದಳು. ವಯಸ್ಸಿನ ಒಬ್ಬ ಡಾಕ್ಟರು ಕನ್ನಡಕದ ಮೇಲಿಂದ ನೋಡಿ ಕೇಳಿದರು.

"ಹ್ಯಾಂಗ ಬಿದ್ದಿಯವ್ವಾ? ಯಾರರ ಹೊಡದಾರೇನು? ಹೊಡದಿದ್ರ ಹೇಳು, ಪೊಲೀಸರಿಗೆ ತಿಳಸ್ತೀವಿ."

"ಜಾರಿ ಬಿದ್ದೆ, ಡಾಕ್ಟರ್ ಸಾಬ್," ಅಂದಳು ಖಾಲಾ.

ನಾನು ಬಾಯಿ ತೆರೆದೆ. ಆಕೆ ಮುರಿಯದ ಕೈಯಿಂದ ನನ್ನ ಮೊಣಕೈಯನ್ನು ಒತ್ತಿ ಹಿಡಿದಳು. ಮುರಿದದ್ದು ಆಕೆಯ ಕೈ. ಹೇಳುವುದು ಬಿಡುವುದು ಆಕೆಯದು ಎಂದು ಸುಮ್ಮನಾದೆ. ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದು ಬೇವಿನ ಮರದ ನೆರಳಿಗೆ ಕೂತ ಮೇಲೆ ಮಾತ್ರ ತಡೆಯಲಾಗಲಿಲ್ಲ.

"ಯಾಕ ಸುಳ್ಳು ಹೇಳಿದಿ? ನಾ ಕಣ್ಣಾರೆ ನೋಡೀನಿ. ಅವನ್ನ ಹೊರಗ ಹಾಕ್ತಿದ್ರು."

"ಅದಕ್ಕೇ ಹೇಳ್ಲಿಲ್ಲ ಬೇಟಿ," ಅಂದಳು. ದನಿ ಸಣ್ಣದಾಗಿತ್ತು, ಆದರೆ ತಡವರಿಸಲಿಲ್ಲ. "ಹೊರಗ ಹಾಕಿದ್ರ ಗೇಟಿನ ಮುಂದ ಕುಂದರ್ತಾನ. ನಾ ಬಜಾರದಾಗಿಂದ ಬರೂ ದಾರ್ಯಾಗ ಕುಂದರ್ತಾನ. ಒಳಗಿದ್ರ ಎಲ್ಲಿದ್ದಾನ ಅಂತಾದ್ರೂ ಗೊತ್ತಿರ್ತದ. ಮೆಟ್ಟಿಲ ಮ್ಯಾಲ ಇದ್ದಾನ ಅಂತ ಗೊತ್ತಿದ್ರ ನಾ ಉಸಿರು ಹಿಡ್ಕೊಂಡು ದಾಟ್ತೀನಿ. ಎಲ್ಲಿದ್ದಾನ ಗೊತ್ತಿಲ್ಲಂದ್ರ ಎಲ್ಲಾ ಕಡಿಗೂ ಉಸಿರು ಹಿಡೀಬೇಕಲ್ಲ."

ನಾವು ಸಹಿಸಿಕೊಳ್ಳುತ್ತಿದ್ದೇವೆ ಎಂದು ನಾನು ಅಂದುಕೊಂಡಿದ್ದೆ. ಆಕೆ ಲೆಕ್ಕ ಹಾಕಿ ಬದುಕುತ್ತಿದ್ದಳು.

ಮಧ್ಯಾಹ್ನ ಮರಳಿ ಬಂದಾಗ ವೆರಾಂಡದಲ್ಲಿ ಖಾಲಾಳ ಗಂಟು, ಚಾಪೆ, ತಂಬಿಗೆ ಇಟ್ಟಿದ್ದವು. ಯಾರೋ ತೊಳೆಯಲು ತಂದಿಟ್ಟಿದ್ದಾರೆ ಎಂದುಕೊಂಡೆ. ಮೇಲ್ವಿಚಾರಕ ಎದ್ದು ಬಂದ. ಮುಖ ನೋಡದೆ ಮಾತಾಡಿದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಕೈ ಮುರದವ್ರನ್ನ ಇಲ್ಲಿ ಇಟ್ಕೊಳ್ಳಾಕ ಬರಂಗಿಲ್ಲ. ಇದು ದವಾಖಾನಿ ಅಲ್ಲ. ನಾಳಿಗೆ ಮತ್ತ ಬಿದ್ರ ನಾ ಜವಾಬು ಹೇಳ್ಬೇಕು. ಕೈ ಕೂಡಿದ ಮ್ಯಾಲ ಬರ್ರಿ, ಜಾಗಾ ಇರ್ತದ."

"ಅಂವ?" ಅಂದೆ.

"ಅಂವ ಏನ್ ಮಾಡ್ಯಾನ್ರಿ? ಆ ಯವ್ವನೇ ಜಾರಿ ಬಿದ್ದೀನಿ ಅಂದಾಳಂತಲ್ಲ."

ಆಸ್ಪತ್ರೆಯಿಂದ ಯಾರ ಬಾಯಿಂದಲೋ ಆ ಸುದ್ದಿ ನಮಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು. ಬಾಗಿಲಿಂದ ಒಳಗೆ ನೋಡಿದೆ. ಅವನು ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಖಾಲಾಳನ್ನು ಕಂಡು ಕಪ್ಪು ಕೆಳಗಿಟ್ಟ.

"ಯವ್ವಾ, ಕೈ ಹ್ಯಾಂಗದ? ಬಾಳ ನೋವಾಗ್ಯಾದೇನು?" ಎಂದು ಕೇಳಿದ.

ಅಣಕವಲ್ಲ ಅದು. ನಿಜವಾಗಿ ಕೇಳಿದ. ಅವನ ಮುಖದಲ್ಲಿ ಮರುಕವಿತ್ತು. ತಾನು ಎತ್ತಿದ ಕಾಲಿಗೂ ಈ ಮುರಿದ ಕೈಗೂ ಸಂಬಂಧವಿದೆ ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ. ಯಾರೂ ಯಾವತ್ತೂ ಅವನಿಗೆ ಅದನ್ನು ಹೇಳಿರಲಿಲ್ಲವಲ್ಲ.

ನಾನು ಖಾಲಾಳನ್ನು ವೆರಾಂಡದಲ್ಲೇ ಚಾಪೆ ಬಿಡಿಸಿ ಮಲಗಿಸಿ ಪಕ್ಕದಲ್ಲಿ ಕೂತೆ. ಒಳಗೂ ಇಲ್ಲ, ಹೊರಗೂ ಇಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಗಾರೆ ಕೆಲಸದವಳು ಬಂದಳು. ಕಾಲಿಗೆಲ್ಲ ಒಣಗಿದ ಸಿಮೆಂಟು, ಕೈಯಲ್ಲಿ ಕೆಲಸದ ಚೀಲ. ಖಾಲಾಳ ಕೈ ನೋಡಿದಳು, ಗಂಟು ನೋಡಿದಳು, ನಾನು ಹೇಳಿದ್ದನ್ನೆಲ್ಲ ನಿಂತುಕೊಂಡೇ ಕೇಳಿದಳು. ಬೈಯಲಿಲ್ಲ. ಸುಮ್ಮನೆ ಹಿತ್ತಲಿಗೆ ನಡೆದಳು. ನಾನು ಹಿಂದೆಯೇ ಹೋದೆ. ಹೊರಗಿನ ಮೆಟ್ಟಿಲ ತುಂಬ ಒಡೆದ ಟೈಲ್ಸು, ಹಳೆಯ ಡಬ್ಬ. ದಾರಿ ತೆರವಾಗಲೆಂದು ಅವನ್ನು ಕಾಲಿನಿಂದ ಸರಿಸುತ್ತಾ ಹತ್ತಿದಳು. ಬೀಗ ಇದ್ದದ್ದು ಒಳಗಡೆ. ಹಾಗೆಯೇ ಇಳಿದು, ಗಂಡಸರ ಹಾಲಿಗೆ ಹೋಗಿ, ಮೆಟ್ಟಿಲ ಮುಂದೆ ನಿಂತಳು.

ಅವನು ಕಾಲು ಚಾಚಿಯೇ ಇದ್ದ. ಆಕೆ ಚೀಲದಿಂದ ಉಳಿ, ಸುತ್ತಿಗೆ ತೆಗೆದಳು. ಅವನಿಗೆ ತೋರಿಸಲೂ ಇಲ್ಲ, ಒಂದು ಮಾತೂ ಆಡಲಿಲ್ಲ. ಕಾಲು ತಾನಾಗಿಯೇ ಹಿಂದೆ ಸರಿಯಿತು.

ಸುತ್ತಿಗೆ ಸದ್ದು ಕೇಳಿ ಮೇಲ್ವಿಚಾರಕ ಓಡಿ ಬಂದ. "ಏನ್ ಮಾಡಾಕತ್ತೀಯವ್ವಾ? ಸರಕಾರದ್ದು ಅದು," ಎಂದು ಕೆಳಗಿಂದಲೇ ಕೂಗಿದ. ಬೀಗ ಗಟ್ಟಿಯಿತ್ತು, ಕೊಂಡಿ ಗಟ್ಟಿಯಿರಲಿಲ್ಲ. ಗೋಡೆಯ ಸಮೇತ ಕಿತ್ತು ಬಂತು. ಬಾಗಿಲನ್ನು ನಾವೆಲ್ಲ ಸೇರಿ ಭುಜ ಕೊಟ್ಟು ತಳ್ಳಿದೆವು. ಬೆಳಕು ಒಮ್ಮೆಲೇ ಹಾಲಿನ ತುಂಬ ಬಂತು. ಹೊರಗಿನ ಮೆಟ್ಟಿಲ ಮೇಲಿಂದ ಖಾಲಾಳನ್ನು ನಡೆಸಿಕೊಂಡು ಬಂದು, ಆಕೆಯ ಜಾಗದಲ್ಲೇ ಚಾಪೆ ಹಾಸಿದೆವು. ಒಬ್ಬಳು ಕೊಡ ತುಂಬಿ ತಂದು ನಡುವೆ ಇಟ್ಟಳು. ಎಲ್ಲರೂ ನೀರು ಕುಡಿದರು. ಬರೀ ಕುಡಿಯುವ ಸದ್ದು.

ಮೇಲ್ವಿಚಾರಕ ಫೋನು ಮಾಡಿದ್ದಿರಬೇಕು, ಮರುದಿನ ಬೆಳಿಗ್ಗೆ ತಂಗುದಾಣ ನೋಡಿಕೊಳ್ಳುವ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು, ಹೆಂಗಸು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಹಿಂದೆ ಡ್ರೈವರು, ಅವನ ಹಿಂದೆ ಮೇಲ್ವಿಚಾರಕ. ಒಳಗಿನ ಮೆಟ್ಟಿಲಿನಿಂದಲೇ ಹತ್ತಿ ಬಂದರು. ಹೆಂಗಸೇ ಬಂದಿದ್ದಾರೆ ಎಂದು ನನಗೆ ಧೈರ್ಯ ಬಂದಿತ್ತು. ಅವರು ಕಿತ್ತ ಕೊಂಡಿಯನ್ನು ನೋಡಿ ಮೊದಲು ಕೇಳಿದ್ದು, "ಯಾರು ಒಡೆದದ್ದು ಇದನ್ನು?" ಎಂದು. ಪಟ್ಟಿ ಕಟ್ಟಿದ ಕೈ ಅವರ ಎದುರಿಗೇ ಇತ್ತು.

"ನಾನು," ಅಂದಳು ಗಾರೆ ಕೆಲಸದವಳು.

"ನಾವೆಲ್ಲರೂ," ಅಂದೆ ನಾನು. ದಿನಾ ಆ ಮೆಟ್ಟಿಲು ಇಳಿಯುವುದು ಹೇಗಿರುತ್ತದೆ ಎಂದು ಹೇಳತೊಡಗಿದೆ. ಅವರು ನಡುವೆಯೇ ತಡೆದರು.

"ನಾನೂ ಈಗ ಅದೇ ಮೆಟ್ಟಿಲು ಹತ್ತಿ ಬಂದೆನಲ್ಲ. ನನಗೆ ಯಾರೂ ಏನೂ ಅನ್ನಲಿಲ್ಲ."

"ನಿಮ್ಮ ಹಿಂದ ಡ್ರೈವರ್ ಇದ್ರು ಮೇಡಂ," ಅಂದಳು ಗಾರೆ ಕೆಲಸದವಳು.

ಅಧಿಕಾರಿ ಹಿಂದೆ ನಿಂತ ಡ್ರೈವರನ ಕಡೆ ತಿರುಗಿ ನೋಡಿದರು. ಆಗ ಖಾಲಾ ಗೋಡೆ ಹಿಡಿದು ಎದ್ದಳು. ಯಾರೂ ಆಕೆಯನ್ನು ಕೇಳಿರಲಿಲ್ಲ.

"ನಾ ಜಾರಿ ಬಿದ್ದಿಲ್ಲ ಮೇಡಂ. ಕೆಳಗ ಕುಂತಾನಲ್ಲ, ಅವನು ಕಾಲು ಎತ್ತಿ ಕೆಡವಿದ. ನಿನ್ನೆ ಡಾಕ್ಟರ್ ಕೇಳಿದಾಗ ಹೇಳ್ಲಿಲ್ಲ. ಹೇಳಿದ್ರ ಅಂವ ಒಳಗ ಇರ್ಲಿ, ಹೊರಗ ಇರ್ಲಿ, ಮತ್ತ ಅವನ ಮುಂದೇ ಹಾದು ಬರ್ಬೇಕಿತ್ತು. ಈಗ ನನಗ ಬೇರೆ ದಾರಿ ಅದ. ಅದಕ್ಕ ಹೇಳಾಕತ್ತೀನಿ."

ಒಂದು ಬಾಗಿಲು ತೆರೆದರೆ ಒಬ್ಬ ಹೆಂಗಸಿನ ಬಾಯಲ್ಲಿ ಸತ್ಯ ಬರುತ್ತದೆ ಎಂಬುದನ್ನು ನಾನು ಅವತ್ತು ಕಂಡೆ. ಅಧಿಕಾರಿ ಆಗ ಮೊದಲ ಸಲ ಪಟ್ಟಿ ಕಟ್ಟಿದ ಕೈಯನ್ನು ನೋಡಿದರು. ಆಮೇಲೆ ಮೇಲ್ವಿಚಾರಕನ ಕಡೆ ತಿರುಗಿ, ಕೆಳಗೆ ಕೂತವನನ್ನು ಈಗಲೇ ಇಲ್ಲಿಂದ ಕಳಿಸಬೇಕು, ಈ ಬಾಗಿಲಿಗೆ ಒಳಗಡೆಯಿಂದ ಹೊಸ ಚಿಲಕ ಹಾಕಿಸಬೇಕು, ಒಳಗಿನ ಮೆಟ್ಟಿಲನ್ನು ಮುಚ್ಚಿಸಬೇಕು ಅಂದರು.

"ಅಂವ ಎಲ್ಲಿ ಹೋಗ್ಬೇಕ್ರಿ ಮೇಡಂ?" ಎಂದು ಮೇಲ್ವಿಚಾರಕ ಕೇಳಿದ. ಅಧಿಕಾರಿ ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಅವನು ಹೊರಡುವುದನ್ನು ನಾವು ಕಿಟಕಿಯಿಂದ ನೋಡಿದೆವು. ಒಂದು ರೆಕ್ಸಿನ್ ಚೀಲ, ಒಂದು ಚಾದರ. ಗೇಟಿನ ಬಳಿ ನಿಂತು ಹಿಂತಿರುಗಿ, "ನಾ ಏನ್ ಮಾಡೀನಿ? ಹೇಳ್ರಲೇ, ನಾ ಏನ್ ಮಾಡೀನಿ?" ಎಂದು ವೆರಾಂಡದಲ್ಲಿ ನಿಂತ ಗಂಡಸರನ್ನು ಕೇಳಿದ. ನಿಜವಾದ ಬೆರಗಿತ್ತು ದನಿಯಲ್ಲಿ. ಅಷ್ಟು ದಿನ ಅವನ ಒಂದೊಂದು ಮಾತಿಗೂ ನಕ್ಕವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಒಬ್ಬ ಬೀಡಿ ಹಚ್ಚಿಕೊಂಡು ಬೇರೆ ಕಡೆ ತಿರುಗಿದ. ಅವರ ನಗುವೂ ಹೆದರಿಕೆಯೇ ಆಗಿತ್ತೆಂದು ಆಗ ಗೊತ್ತಾಯಿತು.

ಖಾಲಾ ಹೇಳಿದ್ದಂತೆ ಅವನು ಕೆಲವು ದಿನ ಎದುರಿನ ಪಾನ್ ಅಂಗಡಿಯ ಬಳಿ ಕೂತಿದ್ದ. ಆಕೆ ಬಜಾರಕ್ಕೆ ಹೋಗುವುದು ನಿಂತಿತ್ತು, ಪಟ್ಟಿಯ ಕೈಯಲ್ಲಿ ಬಳೆ ಮಾರಲಾಗದು. ನಾನು, ಗಾರೆ ಕೆಲಸದವಳು ಹೊರಗೆ ಹೋಗುವಾಗ ಜೊತೆಯಾಗಿಯೇ ಹೋಗುತ್ತಿದ್ದೆವು. ಅವನು ನಮ್ಮನ್ನು ನೋಡುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಆಮೇಲೆ ಅಲ್ಲಿ ಕಾಣಲಿಲ್ಲ.

ಮಳೆಗಾಲದ ಹೊತ್ತಿಗೆ ನನಗೆ ಮಾನ್ವಿಯಲ್ಲಿ ಕೆಲಸ ಸಿಕ್ಕಿತು, ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ. ಖಾಲಾಳ ತಂಗಿಯ ಮಗಳೂ ಮಾನ್ವಿಯಲ್ಲೇ ಇದ್ದಾಳೆಂದು ಗೊತ್ತಾಗಿ, ನಾನೇ ಹೋಗಿ ಮಾತಾಡಿ, ಆಕೆಯನ್ನು ಅಲ್ಲಿಗೆ ಬಿಟ್ಟೆ. ಕೈ ಕೂಡಿತು, ಆದರೆ ಸೊಟ್ಟಗೆ. ಬೆರಳುಗಳು ಮೊದಲಿನ ಹಾಗೆ ಮಡಿಚುವುದಿಲ್ಲ. ಬೇರೆಯವರ ಕೈಗೆ ಬಳೆ ಏರಿಸಲು ಹೋದರೆ ಒಡೆಯುತ್ತವೆ. ಈಗ ಆಕೆ ರಿಬ್ಬನ್ನು, ಪಿನ್ನು, ಬಾಚಣಿಕೆ ಮಾರುತ್ತಾಳೆ. ಒಮ್ಮೊಮ್ಮೆ ಪಕ್ಕದ ಹಳ್ಳಿ ಕುರ್ಡಿಗೂ ಹೋಗಿ ಮಾರಿ ಬರುತ್ತಾಳೆ.

ಮುಂದಿನ ಬೇಸಿಗೆಯಲ್ಲಿ ಗಾರೆ ಕೆಲಸದವಳು ಫೋನು ಮಾಡಿದಳು. ಆಕೆ ಇನ್ನೂ ಅಲ್ಲೇ ಇದ್ದಳು. ಅವರ ಮಾತು ಇವರ ಮಾತು ಆಡಿ, ಕೊನೆಗೆ ಹೇಳಿದಳು.

"ಅಂವ ಸತ್ತನಕ್ಕಾ. ಸ್ಟೇಷನ್ ಹೊರಗ ಬಿದ್ದಿದ್ದನಂತ. ಬಿಸಿಲಿಗೆ ಅಂದ್ರು."

ನಾನು ಅಂಗಡಿಯಲ್ಲಿದ್ದೆ. ಮಶೀನು ಯಾರದೋ ಪಹಣಿಯ ಪ್ರತಿಗಳನ್ನು ಹೊರಗೆ ಹಾಕುತ್ತಲೇ ಇತ್ತು. ಅವನಿಗಾಗಿ ಅಳು ಬರಲಿಲ್ಲ. ಸಮಾಧಾನವೂ ಆಗಲಿಲ್ಲ. ಹೊರಬಿದ್ದ ಪ್ರತಿಗಳನ್ನು ಎಣಿಸಲು ಹೋಗಿ ಮೂರು ಸಲ ಲೆಕ್ಕ ತಪ್ಪಿದೆ. ಗಿರಾಕಿ, "ಆರಾಮ ಇಲ್ಲೇನ್ರಿ?" ಎಂದು ಕೇಳಿದ. ಇಡೀ ಊರಿನಲ್ಲಿ ಅವನಿಗೆ ಎರಡೇ ಜಾಗವಿತ್ತೆ? ನಮ್ಮ ಮೆಟ್ಟಿಲು, ಇಲ್ಲವೇ ಬಿಸಿಲು? ಮೇಲ್ವಿಚಾರಕ ಅವತ್ತು ಕೇಳಿದ ಪ್ರಶ್ನೆ ತಪ್ಪಿಸಿಕೊಳ್ಳುವ ಮಾತು ಎಂದು ನಾನು ಅಂದುಕೊಂಡಿದ್ದೆ.

ಸಂಜೆ ಖಾಲಾಳ ಬಳಿ ಹೋದೆ. ಅಂಗಳದಲ್ಲಿ ಕೂತು ರಿಬ್ಬನ್ ಸುತ್ತುತ್ತಿದ್ದಳು. ಹೇಳಿದೆ. ಆಕೆಯ ಕೈ ನಿಂತಿತು.

"ಮಣ್ಣು ಯಾರು ಮಾಡಿದ್ರು?"

"ಮೇಲ್ವಿಚಾರಕ ಮಾಡಿಸಿದನಂತ."

"ಚಲೋ ಮಾಡ್ದ," ಅಂದಳು. ಮಡಿಲಲ್ಲಿದ್ದ ಸುತ್ತು ಜಾರಿ ಅಂಗಳದಲ್ಲಿ ಬಿಚ್ಚಿಕೊಂಡಿತು. ಒಳಗೆ ಆಕೆಯ ತಂಗಿಯ ಮಗಳು ಮಕ್ಕಳ ಮೇಲೆ ದಖ್ಖನಿಯಲ್ಲಿ ರೇಗುತ್ತಿದ್ದಳು. ಆಮೇಲೆ ಖಾಲಾ ನನ್ನ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದಳು.

"ಮೆಟ್ಟಿಲಿಂದ ಏಳು ಅಂದಿದ್ದೆ ಬೇಟಿ ನಾನು. ಊರಿಂದ ಏಳು ಅಂದಿರ್ಲಿಲ್ಲ."

ನಾನು ಆಕೆಯ ಪಕ್ಕದಲ್ಲಿ ಕೂತೆ. ಬಿಚ್ಚಿಹೋದ ರಿಬ್ಬನ್ನಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಕತ್ತಲಾಗುವ ಮುಂಚೆ ಅಷ್ಟನ್ನೂ ಸುತ್ತಿಡಬೇಕಿತ್ತು. ಮರುದಿನ ಬೆಳಿಗ್ಗೆ ಆಕೆ ಕುರ್ಡಿಗೆ ಹೋಗುವವಳಿದ್ದಳು.